ಎಂಟನೇ ಬಿ, ಶುಕ್ರವಾರದ ಕಡೆಯ ಪೀರಿಯಡ್ಡು

ವೇಳಾಪಟ್ಟಿಯಲ್ಲಿ ನನ್ನ ಹೆಸರು ಒಂದೇ ಚೌಕದಲ್ಲಿ:
ಶುಕ್ರವಾರ, ಕಡೆಯದು.
ಅದನ್ನೂ ಗಣಿತದವರು ಆಗಾಗ ಕಡ ಕೇಳುತ್ತಾರೆ,
ಸಕ್ಕರೆ ಕೇಳುವ ನೆರೆಮನೆಯವರಂತೆ.
ಹಿಂದಿರುಗಿಸುವುದಿಲ್ಲ.

ಈ ವಾರ ಕೊಡಲಿಲ್ಲ.
ಕೌಲ್ ಬಜಾರಿನ ಹೊಲಿಗೆ ಶೆಡ್ಡಿನಿಂದ
ಒಂದು ಗೋಣಿಚೀಲ ಜೀನ್ಸಿನ ಚೂರು ತಂದೆ,
ಸ್ಕೂಟರಿನ ಮುಂದೆ, ಮಂಡಿಗಳ ನಡುವೆ ಹಿಡಿದು.
ಸರ್ಕಲ್ಲಿನ ಪೊಲೀಸಪ್ಪ 'ಏನ್ರೀ ಅದು' ಎಂದಾಗ
'ಪಾಠ' ಅಂದೆ.

ಬೆಂಚಿನ ಮೇಲೆ ಸುರಿದೆ:
ಜೇಬಿನ ಮೂಲೆ, ಸೊಂಟಪಟ್ಟಿಯ ತುಂಡು,
ಗುಂಡಿ ಕಾಣದ ಕಾಜಾ,
ಯಾರ ಕಾಲಿಗೂ ಏರದ ಕಾಲಿನ ಅರ್ಧ ಗೇಣು.
ಬಣ್ಣದ ಹುಳಿ ವಾಸನೆ ಕೋಣೆ ತುಂಬಿತು.
ನಲವತ್ತೊಂದು ಹುಡುಗರಲ್ಲಿ
ಹದಿನಾಲ್ಕು ಮಂದಿ ಮೂಗು ಮುಚ್ಚಲಿಲ್ಲ.
ಅದು ಅವರ ಮನೆಯ ವಾಸನೆ.

'ಇವತ್ತು ಗೊಂಬೆ. ಒಳಗೆ ಹತ್ತಿ, ಹೊರಗೆ ಹೊಲಿಗೆ.'
ಹಿಂದಿನ ಬೆಂಚಿನ ಹೊನ್ನೂರಸ್ವಾಮಿ ಎದ್ದ,
ಈಗೀಗ ಪೆನ್ಸಿಲಿನಲ್ಲಿ ಗೀಚಿದಂಥ ಮೀಸೆ:
'ಸರ, ಇದು ಬಾಲಕರ ಶಾಲಿ ಅಲ್ಲೇನ್ರಿ?'
ಎಲ್ಲ ನಕ್ಕರು.
'ನಿಮ್ಮಪ್ಪ ಏನು ಮಾಡ್ತಾನೋ?'
'ಟೇಲರ್ರಿ.'
ಇನ್ನೂ ಜೋರು ನಗು. ಕೂತ.

ಆಮೇಲೆ ಶುರುವಾಯಿತು ದಾರದ ಪುರಾಣ.
ಒಬ್ಬ ಎಂಜಲು ಹಚ್ಚಿ ಹಚ್ಚಿ ದಾರವನ್ನೇ ಹಣ್ಣು ಮಾಡಿದ.
ಖಾಜಾವಲಿ ಬೆರಳು ಚುಚ್ಚಿಕೊಂಡು
ಆ ಹನಿಯಲ್ಲೇ ಗೊಂಬೆಗೆ ಬಾಯಿ ಬರೆದ.
ಇನ್ನೊಬ್ಬ ಕಿಟಕಿಗೆ ಸೂಜಿ ಹಿಡಿದು
ಅದರ ಕಣ್ಣಲ್ಲಿ ಏಕಶಿಲೆಯ ಗುಡ್ಡ ನೋಡುತ್ತ ಕೂತಿದ್ದ:
'ಸರ, ಕೋಟಿ ಪೂರಾ ಒಳಗ ಹೊಕ್ಕೈತ್ರಿ,
ದಾರ ಒಂದು ಹೊಗವಲ್ದು.'

ಗಾದಿಲಿಂಗ ಬಾಗಿಲ ಬಳಿಯವನು.
ಓದು ಎಂದರೆ ಪುಸ್ತಕದ ಮೇಲೆ ಬೆರಳು ಓಡಾಡುತ್ತದೆ,
ತುಟಿ ಅಲ್ಲಾಡುವುದಿಲ್ಲ.
ಹಾಜರಿಯಲ್ಲಿ ಸೋಮವಾರಗಳೆಲ್ಲ ಖಾಲಿ.
ಉಗುರ ಸಂದಿಯಲ್ಲಿ ನೀಲಿ.
ಕೇಳಿದರೆ 'ಇಂಕ್ರಿ' ಅನ್ನುತ್ತಾನೆ.
ಈ ಶಾಲೆಯಲ್ಲಿ ಪೆನ್ನಿಗೆ ಇಂಕು ಹಾಕುವುದು ಬಿಟ್ಟು
ಎಷ್ಟು ವರ್ಷವಾಯಿತೋ.

ಅವನು ದಾರ ತಗೊಂಡ, ಎರಡು ಬೆರಳಲ್ಲಿ ಹುರಿ ಮಾಡಿದ,
ಗೋಡೆ ನೋಡುತ್ತಲೇ ಏರಿಸಿಬಿಟ್ಟ.
ಕೋಣೆ ಗಪ್ಪಾಯಿತು.
'ಅವ್ವಗ ದಿನಾ ರಾತ್ರಿ ಹತ್ತು ಸೂಜಿ
ಏರಿಸಿಟ್ಟು ಮಕ್ಕೊಂತೀನ್ರಿ.
ಕರೆಂಟು ಇದ್ರೂ ಅಷ್ಟ, ಇಲ್ಲಾಂದ್ರೂ ಅಷ್ಟ.'

ಸಾಲು ಹಚ್ಚಿದರು.
ತೊಂಬತ್ತೆಂಟು ಅಂಕದ ಪಂಪಾಪತಿಯೂ
ದಾರ ಹಿಡಿದು ನಿಂತ, ಕಾಯಿನ್ ಬೂತಿನ ಮುಂದೆ ನಿಂತಂತೆ.
ಗಾದಿಲಿಂಗ ಹೇಳುತ್ತ ಹೋದ:
'ಒಂದು ಹೆಜ್ಜಿ ಹಿಂದಕ್ಕ ಬಾ,
ಎರಡು ಹೆಜ್ಜಿ ಮುಂದ ಹೋಗು.
ಹಂಗಾದ್ರ ಬಿಚ್ಚಂಗಿಲ್ಲ.'
ಬೋರ್ಡಿನ ಮೇಲೆ ನಾನು ಬರೆದಿದ್ದ ಹೊಲಿಗೆಯ ಚಿತ್ರವನ್ನು
ಮೆಲ್ಲಗೆ ಒರೆಸಿದೆ.

ಮೂರು ಕಾಲಿನದೊಂದು ಹುಟ್ಟಿತು.
ಎಮ್ಮೆಯಂತೆ, ಹಾಗೆಂದು ಹೇಳಿದ ಮೇಲೆ ಕೊಂಬು ಕಂಡಿತು.
ಹೊನ್ನೂರಸ್ವಾಮಿಯದಕ್ಕೆ ಐದು ಜೇಬು,
ಒಂದೊಂದರಲ್ಲೂ ಬಳಪದ ಚೂರು.

ಗಂಟೆ ಹೊಡೆಯಿತು. ಗೊಂಬೆಗಳ ಕಾಲು ಹಿಡಿದು
ಬೀಸುತ್ತ ಓಡಿದರು, ಮೆಟ್ಟಿಲು ದಡದಡ.
ಗಾದಿಲಿಂಗ ಮಾತ್ರ ಡಬ್ಬಿಯೊಳಗೆ ಸೂಜಿ ಎಣಿಸುತ್ತಿದ್ದ.
'ಬರಿಗಾಲಿನ ಹುಡುಗ್ರು ಇರ್ತಾರ್ರಿ, ನಾಳಿ ಯಾರಿಗರ ಚುಚ್ಚೀತು.'
ಲೆಕ್ಕ ಸರಿಯಾಗಿತ್ತು.
ಆದರೂ ಒಂದನ್ನು ಹೊರಗಿಟ್ಟುಕೊಂಡ.
'ನಿಂದರ್ರಿ ಸರ,
ನಿಮ್ಮ ಗುಂಡಿ ಒಂದ ಎಳಿ ಮ್ಯಾಲೆ ಐತಿ.'

ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ಕೊಟ್ಟ.
'ಮೈಮ್ಯಾಲಿನ ಅಂಗಿ ಹೊಲಿಬೇಕಾದ್ರ
ಬಾಯಾಗ ಇದನ್ನ ಹಿಡಕೋಬೇಕ್ರಿ.
ಮಾತಾಡಬಾರದು.'

ಹಲ್ಲಲ್ಲಿ ಕಚ್ಚಿದೆ.
ಎದೆಯ ಹತ್ತಿರ ನೀಲಿ ಉಗುರು, ನಾಲ್ಕು ತೂತು,
ಒಳಗೆ, ಹೊರಗೆ, ಒಳಗೆ.
ಸೋಮವಾರಗಳ ಬಗ್ಗೆ ಕೇಳಬೇಕೆಂದಿದ್ದೆ.

ಬಾಯಲ್ಲಿ ಕಡ್ಡಿ ಇತ್ತು.